ಮಡಚಲಾಗದ ಕೋವಿ: ಪಂಪ್ ಆಕ್ಷನ್ ಕಲಿಸಿದ ಎಚ್ಚರಗಳು

ಜೋಡುನಳಿಗೆ ಕೋವಿಯನ್ನು ಮಡಚಿ ಕಣ್ಣಿಗೆ ಹಿಡಿದರೆ ಆಚೆ ತುದಿಯಲ್ಲಿ ಎರಡು ಬೆಳಕಿನ ಬಿಲ್ಲೆಗಳು ಕಾಣುತ್ತವೆ. ಕಂಡವೆಂದರೆ ಕೋವಿ ಖಾಲಿ, ಮಾತು ಮುಗಿಯಿತು. ನಮ್ಮ ಮಲೆನಾಡು, ಕೊಡಗು, ಕರಾವಳಿಯ ತೋಟದ ಮನೆಗಳಲ್ಲಿ ಪರವಾನಗಿ ಪುಸ್ತಕದ ಮೇಲೆ ‘ಎಸ್‌ಬಿಬಿಎಲ್’, ‘ಡಿಬಿಬಿಎಲ್’ ಎಂದು ಬರೆಸಿಕೊಂಡಿರುವ ಒಂಟಿನಳಿಗೆ, ಜೋಡುನಳಿಗೆ ಕೋವಿಗಳಲ್ಲಿ ಹೆಚ್ಚಿನವು ಹೀಗೆ ಮಡಚುವಂಥವೇ. ಕೋವಿ ಹಿಡಿದು ಬೆಳೆದವರ ಶಿಸ್ತೆಲ್ಲ ಈ ಒಂದು ನೋಟದ ಮೇಲೆ ನಿಂತಿದೆ. ಗದ್ದೆಯ ಬದು ದಾಟುವಾಗ ಮಡಚಿ ಹಿಡಿ, ಮನೆಯ ಮೆಟ್ಟಿಲು ಹತ್ತುವ ಮುನ್ನ ಮಡಚಿ ತೋರಿಸು.

ಪಂಪ್ ಆಕ್ಷನ್ ಕೋವಿ ಮಡಚುವುದಿಲ್ಲ. ಅದರ ನಳಿಗೆಯ ಅಡಿಯಲ್ಲಿ ಇನ್ನೊಂದು ಕೊಳವೆ ಇದೆ. ತೋಟಾಗಳು ಅದರೊಳಗೆ ಒಂದರ ಹಿಂದೊಂದು ಮಲಗಿರುತ್ತವೆ, ಹೊರಗಿನಿಂದ ಕಾಣುವುದಿಲ್ಲ. ಎಡಗೈಯ ಹಿಡಿಯನ್ನು ಹಿಂದಕ್ಕೆಳೆದರೆ ಹಾರಿದ ತೋಟಾದ ಚಿಪ್ಪು ಹೊರಗೆ ಬೀಳುತ್ತದೆ. ಮುಂದಕ್ಕೆ ತಳ್ಳಿದರೆ ಕೊಳವೆಯಿಂದ ಹೊಸ ತೋಟಾ ಎದ್ದು, ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡಾದ ಚೇಂಬರ್ ಸೇರುತ್ತದೆ. ಈ ಕೋವಿಯ ಅನುಕೂಲ ಇದೇ, ಅಪಾಯವೂ ಇದೇ. ಚೇಂಬರಿನಲ್ಲಿದ್ದ ತೋಟಾವನ್ನು ತೆಗೆದು ‘ಖಾಲಿಯಾಯಿತು’ ಎಂದುಕೊಂಡು ಹಿಡಿಯನ್ನು ಮುಂದಕ್ಕೆ ತಳ್ಳಿದವನು, ಖಾಲಿ ಮಾಡುವ ಕೈಯಿಂದಲೇ ಮತ್ತೊಂದನ್ನು ತುಂಬಿರುತ್ತಾನೆ. ಮಡಚುವ ಕೋವಿಯಲ್ಲಿ ಪಳಗಿದವರಿಗೆ ಈ ತಪ್ಪು ಹೊಸಬರಿಗಿಂತ ಸುಲಭವಾಗಿ ಆಗುತ್ತದೆಂದು ನನ್ನ ಅನಿಸಿಕೆ. ಹೊಸಬನಿಗೆ ಭಯವಾದರೂ ಇರುತ್ತದೆ.

ಈ ಯಂತ್ರ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿನ ಅಂತರ್ಯುದ್ಧದ ಕಾಲಕ್ಕೆ ತನ್ನ ಹೆಸರಿನ ರೈಫಲ್ಲಿನಿಂದ ಪ್ರಸಿದ್ಧನಾಗಿದ್ದ ಕ್ರಿಸ್ಟೋಫರ್ ಸ್ಪೆನ್ಸರ್, 1880ರ ದಶಕದ ಆರಂಭದಲ್ಲಿ ಪಂಪ್ ಕೋವಿಯೊಂದನ್ನು ಮಾರುಕಟ್ಟೆಗೆ ತಂದ. ಆದರೆ ಅದಕ್ಕೆ ನೆಲೆ ಒದಗಿಸಿದ್ದು ಜಾನ್ ಬ್ರೌನಿಂಗ್ ವಿಂಚೆಸ್ಟರ್ ಕಂಪನಿಗಾಗಿ ರೂಪಿಸಿದ ಕೋವಿಗಳು. ಮೊದಲ ಮಾದರಿ 1893ರದು, ಕಪ್ಪು ಮದ್ದಿನ ತೋಟಾಕ್ಕೆಂದು ಮಾಡಿದ್ದು. ಅದೇ ಹೊತ್ತಿಗೆ ಹೊಗೆಯಿಲ್ಲದ ಹೊಸ ಮದ್ದು ಪೇಟೆಗೆ ಬಂತು. ಅದರ ಒತ್ತಡಕ್ಕೆ ಆ ಕೋವಿಯ ಮೈ ಸಾಲದಾಯಿತು. ಬಲಪಡಿಸಿ ತಂದ 1897ರ ಮಾದರಿ 1957ರ ವರೆಗೂ ತಯಾರಾಗಿ, ಹತ್ತು ಲಕ್ಷಕ್ಕೂ ಮೀರಿ ಹೊರಬಂತು. ಕೋವಿ ಯಾವ ತೋಟಾಕ್ಕೆ ಹುಟ್ಟಿದ್ದೋ ಅದನ್ನೇ ಹಾಕಬೇಕೆಂಬ ನಿಯಮಕ್ಕೆ ಹೀಗೆ ನಾಲ್ಕೇ ವರ್ಷದಲ್ಲಿ ಬೆಲೆ ತೆತ್ತದ್ದಾಗಿತ್ತು.

1897ರ ಕೋವಿಯಲ್ಲಿ ಸೇಫ್ಟಿ ಗುಂಡಿಯೇ ಇಲ್ಲ. ಬಡಿದು ಈಡು ಹಾರಿಸುವ, ಹೊರಗೆ ಕಾಣುವ ಹ್ಯಾಮರನ್ನು ಅರ್ಧಕ್ಕೆ ಎಳೆದು ನಿಲ್ಲಿಸುವುದಷ್ಟೇ ಅದರ ರಕ್ಷಣೆ. ಇನ್ನೊಂದು ಸ್ವಭಾವವೂ ಅದಕ್ಕಿತ್ತು. ಟ್ರಿಗರನ್ನು ಒತ್ತಿಯೇ ಹಿಡಿದು ಹಿಡಿಯನ್ನು ಮುಂದಕ್ಕೆ ತಳ್ಳಿದರೆ, ಚೇಂಬರಿನ ಬಾಗಿಲಾದ ಬೋಲ್ಟ್ ಮುಚ್ಚಿದ ಕ್ಷಣದಲ್ಲಿ ಈಡು ತಾನಾಗಿ ಹಾರುತ್ತಿತ್ತು. ಪ್ರತಿ ಈಡಿಗೂ ಟ್ರಿಗರ್ ಬಿಟ್ಟು ಮತ್ತೆ ಒತ್ತಲೇಬೇಕೆಂದು ತಡೆಯುವ ಬಿಡಿಭಾಗ ಅದರೊಳಗೆ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಇದನ್ನೇ ಕಂದಕಗಳಿಗೆ ಒಯ್ದರು. ಅಲ್ಲಿ ಈ ದೋಷವೇ ಗುಣವಾಯಿತು. 1918ರ ಸೆಪ್ಟೆಂಬರಿನಲ್ಲಿ ಜರ್ಮನಿ ಈ ಕೋವಿ ಯುದ್ಧನಿಯಮಗಳ ಹೇಗ್ ಒಪ್ಪಂದಕ್ಕೆ ವಿರುದ್ಧವೆಂದು ಪ್ರತಿಭಟಿಸಿತು, ಅಮೆರಿಕ ಆ ದೂರನ್ನು ತಳ್ಳಿಹಾಕಿತು. 1912ರಲ್ಲಿ ವಿಂಚೆಸ್ಟರ್ ತಂದ ಮಾದರಿ 12ರಲ್ಲಿ ಹ್ಯಾಮರ್ ಒಳಗಡಗಿ ಸೇಫ್ಟಿ ಗುಂಡಿ ಬಂದಿತಾದರೂ ಈ ಚಾಳಿ ಮಾತ್ರ ಹೋಗಲಿಲ್ಲ. ಇಥಾಕಾ ಕಂಪನಿಯ ಮಾದರಿ 37ರಲ್ಲಿ ಅದು 1970ರ ದಶಕದವರೆಗೂ ಉಳಿದಿತ್ತು.

ಯುದ್ಧ ಮುಗಿದ ಮೇಲೆ ಈ ಕೋವಿಗಳು ಬಾತುಕೋಳಿ ಬೇಟೆಗಾರರ ಕೈಗೆ, ಅಲ್ಲಿಂದ ಮಕ್ಕಳು ಮೊಮ್ಮಕ್ಕಳ ಕೈಗೆ ಹೋದವು. ಕೋವಿ ಏರಿಸಿ ಗುರಿ ನಿಲ್ಲುವ ತನಕ ಬೆರಳು ಟ್ರಿಗರಿನ ಬಳೆಯಿಂದ ಹೊರಗಿರಲಿ ಎನ್ನುವುದು ಪಂಪ್ ಕೋವಿಯ ಮಟ್ಟಿಗೆ ಬರೀ ಶಿಷ್ಟಾಚಾರದ ಮಾತಲ್ಲ. ಹಳೆಯ ಮಾದರಿಗಳಲ್ಲಿ ಬೆರಳು ಒಳಗಿದ್ದರೆ ತುಂಬುವ ಕೆಲಸವೇ ಹಾರಿಸುವ ಕೆಲಸವಾಗುತ್ತದೆ.

1950ರಲ್ಲಿ ರೆಮಿಂಗ್ಟನ್ ಕಂಪನಿಯ 870 ಬಂತು. 1961ರಲ್ಲಿ ಮಾಸ್‌ಬರ್ಗ್ 500. ಇಂದು ಜಗತ್ತಿನಲ್ಲಿ ಕಾಣುವ ಪಂಪ್ ಕೋವಿಗಳಲ್ಲಿ ಬಹುಪಾಲು ಇವೆರಡರ ಸಂತತಿ, ಇಲ್ಲವೇ ನಕಲು. ತಳ್ಳಿದೊಡನೆ ಹಾರುವ ಚಾಳಿ ಇವುಗಳಲ್ಲಿಲ್ಲ. ಸೇಫ್ಟಿ ಗುಂಡಿ 870ರಲ್ಲಿ ಟ್ರಿಗರಿನ ಹಿಂದೆ ಅಡ್ಡಲಾಗಿದೆ, ಮಾಸ್‌ಬರ್ಗಿನಲ್ಲಿ ಮೇಲ್ಗಡೆ ಹೆಬ್ಬೆರಳಿಗೆ ಸಿಗುವಂತಿದೆ. ಆದರೆ ಆ ಗುಂಡಿ ತಡೆಯುವುದು ಟ್ರಿಗರನ್ನು ಮಾತ್ರ, ಒಳಗೆ ಎಳೆದು ನಿಂತಿರುವ ಹ್ಯಾಮರನ್ನಲ್ಲ. ಸವೆದ ಕೋವಿ ಕೈಜಾರಿ ಕಲ್ಲಿಗೆ ಬಡಿದರೆ ಆ ಗುಂಡಿಯನ್ನು ನಂಬಿ ಕೂರುವಂತಿಲ್ಲ. ಅಮೆರಿಕದ ಅನೇಕ ಪೊಲೀಸ್ ಇಲಾಖೆಗಳು ಗಸ್ತು ಕಾರಿನಲ್ಲಿ ಕೊಳವೆ ತುಂಬಿಸಿ ಚೇಂಬರನ್ನು ಖಾಲಿ ಇಡುವ ಪದ್ಧತಿಗೆ ಬಂದದ್ದು ಇದಕ್ಕೇ.

ಹಾಗಾದರೆ ಖಾಲಿ ಮಾಡುವುದು ಹೇಗೆ? ನಳಿಗೆಯ ಬಾಯಿ ಜನರಿಲ್ಲದ ಕಡೆಗೆ, ಬೆರಳು ಹೊರಗೆ, ಸೇಫ್ಟಿ ಹಾಕಿದ್ದು. ಬೋಲ್ಟ್ ಬಿಡಿಸುವ ಪುಟ್ಟ ಸನ್ನೆ ಟ್ರಿಗರಿನ ಬಳೆಯ ಹತ್ತಿರ ಇರುತ್ತದೆ. ಅದನ್ನು ಒತ್ತಿ ಹಿಡಿಯನ್ನು ಪೂರ್ತಿ ಹಿಂದಕ್ಕೆಳೆಯಬೇಕು. ಚೇಂಬರಿನ ತೋಟಾ ಹೊರಬಂತು. ಇಲ್ಲಿ ಕೈ ನಿಲ್ಲಬೇಕು. ತೋಟಾವನ್ನು ಚೇಂಬರಿನ ಮಟ್ಟಕ್ಕೆ ಏರಿಸುವ ಎತ್ತುಗೆಯ ಮೇಲೆ ಬಂದು ಕೂತ ಮುಂದಿನದನ್ನು ಬೆರಳಿನಿಂದ ತೆಗೆದು, ಉಳಿದವನ್ನು ಅಡಿಯ ಬಾಯಿಯಿಂದ ಕೊಂಡಿ ಒತ್ತಿ ಒಂದೊಂದಾಗಿ ಜಾರಿಸಿಕೊಳ್ಳಬೇಕು. ಎಲ್ಲವನ್ನೂ ಪಂಪು ಮಾಡಿಯೇ ಹೊರಗೆಸೆಯುವವರೂ ಇದ್ದಾರೆ. ಹಾಗೆ ಮಾಡಿದಾಗ ಪ್ರತಿ ತೋಟಾವೂ ಒಂದು ಕ್ಷಣ ಹಾರಲು ಸಿದ್ಧವಾಗಿ ಕೂತು ಬರುತ್ತದೆಂಬುದು ಮರೆತಿರುತ್ತದೆ. ಕೊನೆಗೆ ಕಣ್ಣು, ಆಮೇಲೆ ಕಿರುಬೆರಳು: ಚೇಂಬರಿಗೊಮ್ಮೆ, ಕೊಳವೆಯ ಬಾಯಿಗೊಮ್ಮೆ. ಕತ್ತಲಲ್ಲಿ ಬೆರಳಿಗೆ ಗೊತ್ತಾಗುವಷ್ಟು ಕಣ್ಣಿಗೆ ಗೊತ್ತಾಗುವುದಿಲ್ಲ. ಕೊಳವೆಯೊಳಗಿನ ಸ್ಪ್ರಿಂಗಿನ ತಲೆಗೆ ಈಗಿನ ಹಲವು ತಯಾರಕರು ಕಿತ್ತಳೆ, ಹಸಿರಿನಂಥ ಎದ್ದುಕಾಣುವ ಬಣ್ಣ ಕೊಡುವುದು ಕೊಳವೆ ಖಾಲಿಯೆಂದು ಕಣ್ಣಿಗೂ ತಿಳಿಯಲೆಂದೇ. ಜೋಡುನಳಿಗೆಯ ಆ ಬೆಳಕಿನ ಬಿಲ್ಲೆಗಳಿಗೆ ಬದಲಾಗಿ ಸಿಕ್ಕಿದ್ದು ಇಷ್ಟು.

ಹಳೆಯ ಅಮೆರಿಕನ್ ಕೋವಿಗಳ ಕೊಳವೆ ಬಿಚ್ಚಿದರೆ ಕೆಲವೊಮ್ಮೆ ಒಂದು ಮರದ ಕಡ್ಡಿ ಸಿಗುತ್ತದೆ. 1935ರಿಂದ ಅಲ್ಲಿ ವಲಸೆ ಹಕ್ಕಿಗಳ ಬೇಟೆಗೆ ಒಟ್ಟು ಮೂರೇ ತೋಟಾ ಎಂದು ಮಿತಿ ಬಂದಾಗ, ಜಾಗ ಕಡಿಮೆ ಮಾಡಲು ತುರುಕಿದ್ದು ಅದು.

ಇನ್ನು ತೋಟಾದ ವಿಷಯ. ಹನ್ನೆರಡು ಬೋರ್ ಎಂದರೆ ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮ ಗುಂಡುಗಳನ್ನು ಎರಕ ಹೊಯ್ದರೆ ಅದರಲ್ಲಿ ಒಂದು ತೂರುವಷ್ಟು ಅಗಲದ ನಳಿಗೆ, ಸುಮಾರು 18.5 ಮಿ.ಮೀ. ಹಾಗಾಗಿ ಇಪ್ಪತ್ತು ಬೋರ್ ಎಂದರೆ ಅದಕ್ಕಿಂತ ಕಿರಿದು. ಈ ತಿರುಗುಮುರುಗು ಲೆಕ್ಕ ಗೊತ್ತಿಲ್ಲದೆ ಹನ್ನೆರಡರ ಕೋವಿಗೆ ಇಪ್ಪತ್ತರ ತೋಟಾ ಬಿದ್ದರೆ, ಅದು ಚೇಂಬರ್ ದಾಟಿ ಮುಂದಕ್ಕೆ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ‘ಹಾರಲಿಲ್ಲವಲ್ಲ’ ಎಂದು ಹಿಂದಿನಿಂದ ಸರಿಯಾದ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಎಡಗೈ ಹಿಡಿದಿರುವುದು ಸರಿಯಾಗಿ ಅಲ್ಲೇ. ಅಮೆರಿಕದ ತಯಾರಕರು ಇಪ್ಪತ್ತರ ತೋಟಾಕ್ಕೆ ಹಳದಿ ಬಣ್ಣವನ್ನು ಮೀಸಲಿಟ್ಟದ್ದು ಇದರಿಂದಾಗಿ.

ಉದ್ದದ್ದೂ ಅಷ್ಟೇ ಮೋಸ. ತೋಟಾದ ಮೇಲೆ ಬರೆದಿರುವ 65, 70, 76 ಮಿ.ಮೀ. ಎಂಬ ಅಳತೆ ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹೊಸ ತೋಟಾ ಬಾಯಿ ಮಡಿಸಿಕೊಂಡು ಗಿಡ್ಡಗಿರುವುದರಿಂದ ಉದ್ದನೆಯದೂ ಗಿಡ್ಡ ಚೇಂಬರಿನಲ್ಲಿ ಸಲೀಸಾಗಿ ಕೂತುಬಿಡುತ್ತದೆ. ಹಾರಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಅಜ್ಜನ ಕಾಲದ ಇಂಗ್ಲಿಷ್ ಕೋವಿಗಳಲ್ಲಿ 65ರ ಚೇಂಬರ್ ಇರುವುದು ಅಪರೂಪವಲ್ಲ. ಒಳಗೆ ಹೋಯಿತೆಂದರೆ ಹೊಂದಿತೆಂದಲ್ಲ. ನಳಿಗೆಯ ಮೇಲೆ ಕೊರೆದದ್ದನ್ನು ಓದಬೇಕು.

ಒದ್ದೆಯ ಕಥೆ ನಮಗೆ ಹತ್ತಿರದ್ದು. ಮಹಾಯುದ್ಧದ ಕಂದಕಗಳಲ್ಲಿ ಕಾಗದದ ತೋಟಾಗಳು ತೇವಕ್ಕೆ ಉಬ್ಬಿ ಚೇಂಬರಿಗೆ ಹೋಗದಾದಾಗ ಸೈನ್ಯ ಹಿತ್ತಾಳೆಯ ಚಿಪ್ಪಿನ ಮೊರೆಹೋಯಿತು. 1960ರಿಂದ ಪ್ಲಾಸ್ಟಿಕ್ ಚಿಪ್ಪು ಬಂದು ಆ ಕಾಟ ತಪ್ಪಿತು. ಮದ್ದಿಗೆ ಕಿಡಿ ಹೊತ್ತಿಸುವ ಹಳೆಯ ಕೇಪಿನ ರಸಾಯನವು ಹಾರಿದ ಮೇಲೆ ಉಪ್ಪನ್ನು ಉಳಿಸುತ್ತಿತ್ತು. ಉಪ್ಪು ಗಾಳಿಯ ತೇವ ಹೀರಿ, ಎಣ್ಣೆ ಸವರಿದ್ದರೂ ಅದರಡಿಯಲ್ಲೇ ನಳಿಗೆಯನ್ನು ತಿನ್ನುತ್ತಿತ್ತು. ಹಿರಿಯರು ನಳಿಗೆಗೆ ಬಿಸಿನೀರು ಹೊಯ್ದು ತೊಳೆಯುತ್ತಿದ್ದುದರಲ್ಲಿ ಅರ್ಥವಿತ್ತು: ಉಪ್ಪು ಕರಗುವುದು ನೀರಿಗೆ, ಎಣ್ಣೆಗಲ್ಲ. ತುಕ್ಕು ಹಿಡಿಸದ ಕೇಪು ಅಮೆರಿಕದಲ್ಲಿ ಚಾಲ್ತಿಗೆ ಬಂದದ್ದು 1920ರ ದಶಕದಲ್ಲಿ. ಕಪ್ಪು ಮದ್ದು ತುಂಬುವ ಕೇಪಿನ ಕೋವಿಗೆ ಇಂದಿಗೂ ಬಿಸಿನೀರೇ ಮದ್ದು.

ಪಂಪ್ ಕೋವಿಗೆ ಮಳೆಗಾಲದಲ್ಲಿ ತುಕ್ಕು ಮೊದಲು ಹಿಡಿಯುವುದು ಚೇಂಬರಿಗೆ ಮತ್ತು ಕೊಳವೆಯ ಹೊರಮೈಗೆ. ಹಿಡಿ ಜಾರುವುದು ಆ ಕೊಳವೆಯ ಮೇಲೆಯೇ. ಚೇಂಬರ್ ಒರಟಾದರೆ ಚಿಪ್ಪು ಅಂಟಿಕೊಂಡು ಹಿಡಿ ಹಿಂದಕ್ಕೆ ಬರುವುದಿಲ್ಲ. ಆಗ ಕೋವಿಯ ಹಿಂಬದಿಯನ್ನು ನೆಲಕ್ಕೆ ಕುಟ್ಟುವ ದುರಭ್ಯಾಸ ಶುರುವಾಗುತ್ತದೆ, ಬಾಯಿ ಕುಟ್ಟುವವನ ಮುಖದ ಕಡೆಗೆ. ಬಿಚ್ಚುವುದು ಸುಲಭ. ಖಾಲಿ ಮಾಡಿ, ಹಿಡಿಯನ್ನು ಅರ್ಧಕ್ಕೆಳೆದು, ಕೊಳವೆಯ ಮುಂದಿನ ಬಿರಡೆ ತಿರುಗಿಸಿದರೆ ಹೆಚ್ಚಿನ ಮಾದರಿಗಳಲ್ಲಿ ನಳಿಗೆ ಕೈಗೆ ಬರುತ್ತದೆ. ಕುಂಚ ಹಾಯಿಸಬೇಕು, ಬಟ್ಟೆಯಿಂದ ಒರೆಸಬೇಕು, ಮತ್ತೊಂದು ಬಟ್ಟೆಯಿಂದ ಎಣ್ಣೆಯ ತೆಳುಪದರ ಸವರಬೇಕು. ಸುರಿಯಬಾರದು. ಹೆಚ್ಚಾದ ಎಣ್ಣೆ ಧೂಳನ್ನು ಕೆಸರು ಮಾಡುತ್ತದೆ, ಕೇಪಿನೊಳಗೆ ಇಳಿದರೆ ತೋಟಾವನ್ನೇ ಕೊಲ್ಲುತ್ತದೆ. ಟ್ರಿಗರಿನ ಒಳಜೋಡಣೆಯನ್ನು ಮನೆಯಲ್ಲಿ ಬಿಚ್ಚದಿರುವುದೇ ಒಳಿತು.

ಸಿಕ್ಕಿಕೊಳ್ಳುವ ದೂರುಗಳಲ್ಲಿ ಬಹಳಷ್ಟು ಯಂತ್ರದ್ದಲ್ಲ, ಅರೆಮನಸ್ಸಿನ ಕೈಯದು. ಹಿಡಿಯನ್ನು ಪೂರ್ತಿ ಎಳೆಯದೆ ತಳ್ಳಿದರೆ ಚಿಪ್ಪು ಹೊರಬೀಳದೆ ಹೊಸ ತೋಟಾಕ್ಕೆ ಅಡ್ಡ ನಿಲ್ಲುತ್ತದೆ. ಟ್ರಿಗರ್ ಒತ್ತಿಯೂ ಈಡು ಹಾರದಿದ್ದರೆ ಮಾತ್ರ ಕೈಗೆ ಅವಸರ ಬೇಡ. ಬಾಯಿಯನ್ನು ಅದೇ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು, ತಡವಾಗಿ ಹೊತ್ತುವ ಮದ್ದೂ ಉಂಟು. ಸದ್ದು ಪಿಸುಗುಟ್ಟಿದಂತೆ ಕೇಳಿಸಿದರೆ ಮುಂದಿನ ಈಡಿಗೆ ಮೊದಲು ನಳಿಗೆಯೊಳಗೆ ಏನಾದರೂ ಉಳಿದಿದೆಯೇ ನೋಡಬೇಕು.

ಭಾರತದಲ್ಲಿ ಈ ಕೋವಿ ಸರ್ಕಾರಿ ಶಸ್ತ್ರ ಕಾರ್ಖಾನೆಯಲ್ಲೂ ತಯಾರಾಗುತ್ತದೆ, ಪರವಾನಗಿ ಇದ್ದವರಿಗೆ ಸಿಗುತ್ತದೆ. ಕಾಶ್ಮೀರದ ಸುದ್ದಿಗಳಲ್ಲಿ 2010ರಿಂದ ‘ಪೆಲೆಟ್ ಗನ್’ ಎಂದು ಕೇಳಿದ್ದು ಇದನ್ನೇ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಬಯಸುವವರಿಗೆ ಸುರಕ್ಷತಾ ತರಬೇತಿಯನ್ನು ತಂದವು. ಕೊಡಗಿನ ಮಾತು ಬೇರೆ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಸಿಕ್ಕ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಒರೆಸಿ, ನಳಿಗೆಯ ಬಾಯಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜಿಸುತ್ತಾರೆ. ವರ್ಷಕ್ಕೊಮ್ಮೆ ಎಲ್ಲ ಕೋವಿಗಳೂ ಬೆಳಕಿಗೆ ಬಂದು ಎಣ್ಣೆ ಕಾಣುವ ಇಂಥ ದಿನ ಬೇರೆ ಜಿಲ್ಲೆಗಳಲ್ಲಿ ಅಷ್ಟಾಗಿ ಕಾಣದು.

ಆ ಜಿಲ್ಲೆಗಳಲ್ಲಿ ಕೋವಿಗಳನ್ನು ಹೊರಗೆ ತರಿಸುವುದು ಚುನಾವಣೆ. ನೀತಿಸಂಹಿತೆ ಜಾರಿಯಾದೊಡನೆ ಬೆಳೆರಕ್ಷಣೆಯ ಕೋವಿಯನ್ನೂ ಠಾಣೆಗೆ ಕೊಡಬೇಕೆಂದಾಗ ರೈತರು ಗೊಣಗುತ್ತಾರೆ, ಮಂಗ ಮತ್ತು ಹಂದಿಗೆ ನೀತಿಸಂಹಿತೆ ಇಲ್ಲವಲ್ಲ ಎಂದು. ವಾರಗಟ್ಟಲೆ ಮೂಲೆಯಲ್ಲಿ ಒರಗಿ ನಿಂತ ಕೋವಿ ವಾಪಸ್ ಬಂದಾಗ ನಳಿಗೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ಅಷ್ಟೇ ಮಣ್ಣು ಸಾಕು, ಈಡು ಹಾರಿದಾಗ ನಳಿಗೆ ಉಬ್ಬಲು. ಮಡಚುವ ಕೋವಿಯಲ್ಲಾದರೆ ಮೊದಲ ನೋಟಕ್ಕೇ ಗೂಡು ಕಾಣುತ್ತದೆ. ಪಂಪ್ ಕೋವಿಯಲ್ಲಿ ಬಿರಡೆ ಬಿಚ್ಚಿ ನಳಿಗೆಯನ್ನು ಹೊರತೆಗೆದು ನೋಡಬೇಕು.