ಅರೆಬರೆ ಮಳೆ ಮತ್ತು ರಾಗಿ ಬೀಜ

ಮಳೆ ಕೈಕೊಟ್ಟರೆ ಮಣ್ಣಲ್ಲಿರುವ ಬೀಜ ಒಣಗಿ ಸಾಯುತ್ತದೆ ಎಂದು ಬೆಂಗಳೂರಿನಲ್ಲಿ ಓದಿದವರೂ ಹೇಳುತ್ತಾರೆ. ಬೀಜ ಮೊದಲೇ ಒಣಗಿರುತ್ತದೆ, ಅಲ್ವಾ? ಅದೇ ಅದರ ಬಲ. ಇಸ್ರೇಲಿನ ಮಸಾದಾ ಕೋಟೆಯಲ್ಲಿ 1960ರ ದಶಕದಲ್ಲಿ ಅಗೆದಾಗ ಖರ್ಜೂರದ ಬೀಜಗಳು ಸಿಕ್ಕವು. ಸುಮಾರು 2000 ವರ್ಷ ಹಳೆಯವು. 2005ರಲ್ಲಿ ಬಿತ್ತಿದಾಗ ಅವುಗಳಲ್ಲೊಂದು ಮೊಳೆಯಿತು! ಹೀಗಿರುವಾಗ, ಹೊಸಕೋಟೆಯ ಒಣ ಹೊಲದಲ್ಲಿ ಬಿದ್ದ ರಾಗಿ ಎರಡು ವಾರ ಮಳೆಗೆ ಕಾಯಲಾರದೇ? ಇರುವೆ ಹೊತ್ತೊಯ್ಯದಿದ್ದರೆ ಸಾಕು.

ಅಪಾಯ ಇರುವುದು ಒಂದು ಹದ ಬಂದು ನಿಂತುಹೋಗುವ ಮಳೆಯಲ್ಲಿ.

ಹೆಸರುಕಾಳು ನೆನೆಸಿ ನೋಡಿ. ಬೆಳಿಗ್ಗೆ ಉಬ್ಬಿರುತ್ತದೆ. ಹುರಿದ ಕಾಳೂ ಉಬ್ಬುತ್ತದೆ. ನೀರೆಳೆಯಲು ಜೀವವೇ ಬೇಕಿಲ್ಲ, ಒಳಗಿನ ಪಿಷ್ಟ, ಪ್ರೋಟೀನ್ ಸಾಕು. ಒಣ ಬೀಜದ ಈ ಸೆಳೆತ 1000 ವಾಯುಭಾರದಷ್ಟಿರಬಹುದು (ಒಂದು ವಾಯುಭಾರ ಎಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಮಣ್ಣು 15 ವಾಯುಭಾರದಷ್ಟು ಬಿಗಿಯಾಗಿ ನೀರು ಹಿಡಿದರೆ ಬಹುತೇಕ ಬೆಳೆಗಳು ಬಾಡುತ್ತವೆ. ಅಂಥ ಮಣ್ಣಿನಿಂದಲೂ ಬೀಜ ಒಂದಿಷ್ಟು ನೀರು ಕಿತ್ತುಕೊಳ್ಳುತ್ತದೆ. ಆದರೆ ನೀರು ತುಂಬಿದಂತೆ ಸೆಳೆತ ಇಳಿಯುತ್ತದೆ. ಮೊಳೆಯಲು ಮೆಕ್ಕೆಜೋಳಕ್ಕೆ ತನ್ನ ತೂಕದ ಸುಮಾರು 30%, ಸೋಯಾ ಅವರೆಗೆ 50% ನೀರು ಬೇಕು.

ಅಷ್ಟು ಸಿಗದಿದ್ದರೆ? ಮೊಳಕೆಗೆ ಹುರಿದುಂಬಿಸುವ ಹಾರ್ಮೋನ್ ಜಿಬ್ಬರೆಲಿನ್, ತಡೆಯುವುದು ಆಬ್ಸಿಸಿಕ್ ಆಮ್ಲ. ನೀರು ಸಾಲದಾಗ ಎರಡನೆಯದರದ್ದೇ ಮೇಲುಗೈ. ಬೇರಿನ ಕೋಶಗಳು ಉದ್ದವಾಗಲು ಒಳಗಿನಿಂದ ನೀರಿನ ಒತ್ತಡ ಬೇಕು. ಅದಿಲ್ಲದೆ ಬೇರು ಸಿಪ್ಪೆ ಸೀಳುವುದಿಲ್ಲ. ಇದು ಸೋಲಲ್ಲ, ರಕ್ಷಣೆ. ಈ ಹಂತದವರೆಗೆ ಬೀಜ ಮತ್ತೆ ಒಣಗಿದರೂ ಬದುಕಬಲ್ಲದು. ಬೇರು ಹೊರಬಂದ ಮೇಲೆ ಮಾತ್ರ ಒಣಗುವುದನ್ನು ತಾಳುವ ಶಕ್ತಿ ಹೋಗುತ್ತದೆ. ಅಡುಗೆಮನೆಯಲ್ಲೇ ಪರೀಕ್ಷಿಸಬಹುದು: ಬರೀ ಉಬ್ಬಿದ ಕಾಳನ್ನು ನೆರಳಲ್ಲಿ ಒಣಗಿಸಿ ಮತ್ತೆ ನೆನೆಸಿದರೆ ಮೊಳೆಯುತ್ತದೆ. ಒಂದಿಂಚು ಬೇರು ಬಂದದ್ದನ್ನು ಗರಿಗರಿಯಾಗಿ ಒಣಗಿಸಿದರೆ ಆ ಬೇರು ಮತ್ತೆ ಬೆಳೆಯುವುದಿಲ್ಲ.

ರಾಗಿಯನ್ನು ಆರು ಗಂಟೆಯಷ್ಟು ನೆನೆಸಿ, ನೆರಳಲ್ಲಿ ಒಣಗಿಸಿ ಬಿತ್ತುವ ಪದ್ಧತಿಗೆ ಆಧಾರ ಇದೇ. ಮೊಳೆಯುವ ಮೊದಲ ಕೆಲಸಗಳು ಬೀಜದೊಳಗೆ ಆಗಲೇ ಮುಗಿದಿರುತ್ತವೆ. ಮಳೆ ಬಿದ್ದೊಡನೆ ಬೇಗ, ಒಟ್ಟಿಗೆ ಮೊಳೆಯುತ್ತವೆ. ಮೇಲ್ಮಣ್ಣು ಒಣಗುವ ಮುಂಚೆ ಬೇರು ಕೆಳಗಿಳಿಯುತ್ತದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯ ಜಿಪಿಯು-28 ತಳಿಯಾಗಲಿ, ಮನೆಯ ನಾಟಿ ರಾಗಿಯಾಗಲಿ, ಮೊಳೆಯದಿದ್ದರೆ ಕಣ್ಣು ತಾಗಿತೆಂದು ನಿಂಬೆಹಣ್ಣು ಕಟ್ಟುವವರು ಇವತ್ತಿಗೂ ಇದ್ದಾರೆ. ಅದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಂದೆರಡು ಬೆರಳು ಮಣ್ಣು ಕೆದರಿ ನೋಡಿ. ಕಾಳು ಗಟ್ಟಿಯಾಗಿದ್ದರೆ ಇನ್ನೂ ಕಾಯಬಹುದು. ಸುರುಟಿ ಒಣಗಿದ ಬೇರು ಕಂಡರೆ ತಡ ಮಾಡದೆ ಮರುಬಿತ್ತನೆಗೆ ಬೀಜ ಹೊಂದಿಸಿಕೊಳ್ಳಿ.