ಡಿಸ್ಕ್ ಟಕ್ ಟಕ್ ಎಂದರೆ ಮೊದಲು ಕರೆಂಟ್ ತೆಗೆಯಿರಿ

ಹಾರ್ಡ್ ಡಿಸ್ಕ್ ಕೆಟ್ಟಿದೆ ಎಂದು ಫೋನ್ ಮಾಡುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ‘ಕಂಪ್ಯೂಟರ್ ಈಗ ಆನ್ ಇದೆಯಾ?’ ಇದೆ ಎಂದರೆ ಮುಂದಿನ ಮಾತಿಗೆ ಮೊದಲೇ ಆಫ್ ಮಾಡಿಸುತ್ತೇನೆ. ಯಾವ ಕಂಪನಿಯ ಡಿಸ್ಕು, ಎಷ್ಟು ಟಿಬಿ, ವಾರಂಟಿ ಇದೆಯಾ ಎಂಬುದೆಲ್ಲ ಆಮೇಲೆ.

ಮಲೆನಾಡಿನ ಒಂದು ಅಡಿಕೆ ಮಂಡಿಯವರು ಮಾರ್ಚ್ ಕೊನೆಯ ವಾರದಲ್ಲಿ ಡಿಸ್ಕ್ ಹಿಡಿದುಕೊಂಡು ಬಂದಿದ್ದರು. ವರ್ಷದ ಲೆಕ್ಕ ಮುಗಿಸುವ ಹೊತ್ತು. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಇದ್ದ ಕಂಪ್ಯೂಟರ್ ಒಂದು ಬೆಳಿಗ್ಗೆ ಶುರುವಾಗಲಿಲ್ಲ, ಒಳಗಿನಿಂದ ಟಕ್ ಟಕ್ ಸದ್ದು. ಗುಮಾಸ್ತರು ಹತ್ತು ಹದಿನೈದು ಸಲ ಆಫ್ ಮಾಡಿ ಆನ್ ಮಾಡಿದರು. ಪಕ್ಕದಂಗಡಿಯ ಹುಡುಗ ಡಿಸ್ಕ್ ಬಿಚ್ಚಿ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಪುಕ್ಕಟೆ ಸಿಕ್ಕ ರಿಕವರಿ ಸಾಫ್ಟ್‌ವೇರ್ ಹಾಕಿ ರಾತ್ರಿಯಿಡೀ ಓಡಲು ಬಿಟ್ಟ. ಸಹಾಯ ಮಾಡಬೇಕೆಂದೇ ಎಲ್ಲರೂ ಮಾಡಿದ್ದು. ನನ್ನ ಮೇಜಿಗೆ ಅದು ಬಂದದ್ದು ಮೂರನೇ ದಿನ.

ಆ ಸದ್ದು ಏನೆಂದು ಗೊತ್ತಿದ್ದರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ಹೊಳೆಯುವ ಬಿಲ್ಲೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ. ಓದುವ ಹೆಡ್ ಬಿಲ್ಲೆಯನ್ನು ಮುಟ್ಟುವುದಿಲ್ಲ. ತಿರುಗುವಾಗ ಏಳುವ ಗಾಳಿಯ ಪದರದ ಮೇಲೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಗೂದಲಿನ ದಪ್ಪ ಇದರ ಸಾವಿರಾರು ಪಟ್ಟು. ತಾನು ಎಲ್ಲಿದ್ದೇನೆ ಎಂದು ತಿಳಿಯಲು ಹೆಡ್ ಬಿಲ್ಲೆಯ ಮೇಲಿನ ಗುರುತುಗಳನ್ನು ಓದುತ್ತದೆ. ಹೆಡ್ ಹಾಳಾದರೆ ಆ ಗುರುತು ಸಿಗುವುದಿಲ್ಲ. ಹೆಡ್ ಹೊತ್ತ ತೋಳು ಹುಡುಕಿ ಹುಡುಕಿ ಹಿಂದಕ್ಕೆ ಹೋಗಿ ಬಡಿಯುತ್ತದೆ, ಮತ್ತೆ ಹುಡುಕುತ್ತದೆ. ನಮಗೆ ಕೇಳುವ ಟಕ್ ಟಕ್ ಅದೇ. ಮುರಿದ ಹೆಡ್ ಬಿಲ್ಲೆಗೆ ತಾಗುತ್ತಿದ್ದರೆ, 7200 ಸುತ್ತಿನ ಡೆಸ್ಕ್‌ಟಾಪ್ ಡಿಸ್ಕಿನ ಅಂಚಿನಲ್ಲಿ ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಮೇಲ್ಪದರವನ್ನು ಕೆರೆಯುತ್ತದೆ.

ಮಂಡಿಯ ಡಿಸ್ಕನ್ನು ಶುದ್ಧಗಾಳಿಯ ಮೇಜಿನ ಮೇಲೆ ಬಿಚ್ಚಿದಾಗ ಮೊದಲು ನೋಡಿದ್ದು ಮೂಲೆಯ ಫಿಲ್ಟರ್. ಉಗುರಿನಷ್ಟು ದೊಡ್ಡದು, ಹತ್ತಿಯಂತೆ ಬೆಳ್ಳಗಿರಬೇಕು. ಅದು ಕಪ್ಪಾಗಿತ್ತು. ಮೇಲಿನ ಬಿಲ್ಲೆಯ ಮೇಲೆ ಉಂಗುರದಂಥ ಎರಡು ಗೀರು. ಆ ಕಪ್ಪು ಪುಡಿ ಎಂದರೆ ಗೀರಿನ ಜಾಗದಲ್ಲಿದ್ದ ಲೆಕ್ಕವೇ. ಪುಡಿಯಾದ ಮೇಲೆ ಅದನ್ನು ಯಾವ ಪ್ರಯೋಗಾಲಯವೂ ಓದಿಕೊಡುವುದಿಲ್ಲ.

‘ಅದೇ ಮಾಡೆಲ್ ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ತಂದು ಬದಲಿಸಿದರೆ ಆಗುತ್ತಲ್ಲ?’ ಎಂದು ಬಹಳ ಜನ ಕೇಳುತ್ತಾರೆ. ಹಳೇ ಕಾಲದ ಡಿಸ್ಕುಗಳಲ್ಲಿ ಆಗುತ್ತಿತ್ತು. ಈಗ ಬೋರ್ಡಿನ ಮೇಲಿನ ಚಿಪ್‌ನಲ್ಲಿ ಆ ಒಂದು ಡಿಸ್ಕಿಗೆ ಮಾತ್ರ ಹೊಂದುವ ಅಳತೆಗಳು ಇರುತ್ತವೆ. ಆ ಮಾಹಿತಿ ಹೊಸ ಬೋರ್ಡಿಗೆ ಹೋಗದೆ ಡಿಸ್ಕ್ ಸಾಮಾನ್ಯವಾಗಿ ಏಳುವುದಿಲ್ಲ. ಫ್ರಿಜ್‌ನಲ್ಲಿಟ್ಟು ತೆಗೆಯುವ ಉಪಾಯವನ್ನಂತೂ ದಯವಿಟ್ಟು ಮರೆತುಬಿಡಿ. ಒಳಗೆ ತೇವ ಕೂತರೆ ಹೆಡ್ಡಿಗೆ ಅದೊಂದೇ ಸಾಕು.

ಡಿಸ್ಕ್ ಗಟ್ಟಿಮುಟ್ಟಾಗಿದ್ದು ಫೈಲ್ ಮಾತ್ರ ಹೋದದ್ದಾದರೆ ಕತೆಯೇ ಬೇರೆ. ವಿಂಡೋಸ್ ಪ್ರತಿ ಫೈಲಿನ ಹೆಸರು, ಅಳತೆ, ಇರುವ ಜಾಗವನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟಿರುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದರೆ ‘ಈ ಜಾಗ ಖಾಲಿ’ ಎಂಬ ಗುರುತಷ್ಟೇ ಬೀಳುತ್ತದೆ. ಪಹಣಿಯಲ್ಲಿ ಹೆಸರು ತೆಗೆದ ಹಾಗೆ. ಹೊಲದ ಬೆಳೆ ಇನ್ನೂ ನಿಂತೇ ಇರುತ್ತದೆ, ಬೇರೆಯವರು ಬಂದು ಉಳುವ ತನಕ. ಕ್ವಿಕ್ ಫಾರ್ಮ್ಯಾಟ್ ಆದಾಗಲೂ ಹೆಚ್ಚುಕಡಿಮೆ ಇದೇ. ಆದ್ದರಿಂದ ಕಳೆದ ಫೈಲ್ ಇದ್ದ ಡ್ರೈವಿಗೇ ರಿಕವರಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವುದು, ಸಿಕ್ಕ ಫೈಲನ್ನು ಅದೇ ಡ್ರೈವಿಗೆ ಸೇವ್ ಮಾಡುವುದು, ಎರಡೂ ನಿಮ್ಮ ಬೆಳೆಯ ಮೇಲೆ ನೀವೇ ಟ್ರ್ಯಾಕ್ಟರ್ ಓಡಿಸಿದ ಹಾಗೆ.

ತಿರುಗುವ ಬಿಲ್ಲೆಯ ಬದಲು ಚಿಪ್‌ಗಳಲ್ಲೇ ಬರೆದಿಡುವ ಎಸ್‌ಎಸ್‌ಡಿಯಲ್ಲಿ ಈ ಅನುಕೂಲವಿಲ್ಲ. ಅದರ ಚಿಪ್‌ಗಳಲ್ಲಿ ಹಳೆಯದನ್ನು ಅಳಿಸದೆ ಅದೇ ಜಾಗಕ್ಕೆ ಹೊಸದನ್ನು ಬರೆಯಲು ಬರುವುದಿಲ್ಲ. ಬರೆಯುವುದು ಸಣ್ಣ ಪೇಜ್‌ಗಳಲ್ಲಿ, ಅಳಿಸುವುದು ದೊಡ್ಡ ಬ್ಲಾಕ್‌ಗಳಲ್ಲಿ. ಹಾಗಾಗಿ 2009ರ ವಿಂಡೋಸ್ 7ರಿಂದ ಈಚೆಗೆ, ಡಿಲೀಟ್ ಮಾಡಿದಾಗ ‘ಟ್ರಿಮ್’ ಎಂಬ ಆದೇಶ ಎಸ್‌ಎಸ್‌ಡಿಗೆ ಹೋಗುತ್ತದೆ. ಪಹಣಿಯಲ್ಲಿ ಹೆಸರು ತೆಗೆದ ಬೆನ್ನಿಗೇ ಹೊಲವನ್ನೂ ಉಳುವ ಏರ್ಪಾಡು ಇದು. ಹೀಗೆ ಹೋದ ಫೈಲ್ ವಾಪಸ್ ಬರುವುದು ಬಹಳ ಅಪರೂಪ. ಎಸ್‌ಎಸ್‌ಡಿ ಟಕ್ ಟಕ್ ಎನ್ನುವುದೂ ಇಲ್ಲ. ನಿನ್ನೆ ಸಂಜೆ ಸರಿಯಿದ್ದದ್ದು ಇವತ್ತು ಬೆಳಿಗ್ಗೆ, ವಿಂಡೋಸಿಗೂ ಮೊದಲು ಏಳುವ ಬಯಾಸ್‌ನಲ್ಲೇ ಕಾಣದೆ ಹೋಗಬಹುದು. ವೇಗಕ್ಕೆ ಎಸ್‌ಎಸ್‌ಡಿಯನ್ನೇ ಹಾಕಿಸಿ, ನಾನೂ ಹಾಕಿಕೊಡುತ್ತೇನೆ. ಆದರೆ ಬ್ಯಾಕಪ್ ಇಲ್ಲದೆ ಹಾಕಿಸಬೇಡಿ.

ಹಾರ್ಡ್ ಡಿಸ್ಕ್ ಮಾತ್ರ ಎಷ್ಟೋ ಸಲ ಮೊದಲೇ ಸೂಚನೆ ಕೊಡುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ತೆರೆದು 05 ಮತ್ತು ಸಿ5 ಎಂಬ ಎರಡು ಸಾಲು ನೋಡಿ. ಮೊದಲನೆಯದು ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳ (ಬರಹ ಕೂರುವ ಸಣ್ಣ ತುಂಡುಗಳ) ಲೆಕ್ಕ, ಎರಡನೆಯದು ಓದಲಾಗದೆ ಕಾದಿರುವ ಸೆಕ್ಟರ್‌ಗಳದು. ಸಿ5 ಸೊನ್ನೆ ಬಿಟ್ಟು ಏರತೊಡಗಿದರೆ ಅವತ್ತೇ ಕಾಪಿ ತೆಗೆದು ಡಿಸ್ಕ್ ಬದಲಿಸಿ. ಅಂಥ ಡಿಸ್ಕಿನ ಮೇಲೆ ಚೆಕ್ ಡಿಸ್ಕ್ ಓಡಿಸಬೇಡಿ. ಅದು ಫೈಲ್ ಪಟ್ಟಿಯನ್ನು ಸರಿ ಮಾಡುವ ಸಾಧನ. ಅದಕ್ಕಾಗಿ ಓದಲಾಗದ ನಮೂದುಗಳನ್ನು ಕಿತ್ತೂ ಹಾಕುತ್ತದೆ.

ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ‘ರೇಡ್’ ಏರ್ಪಾಡಿನ ಸರ್ವರ್ ಇಟ್ಟುಕೊಂಡವರು ‘ನಮ್ಮದು ರೇಡ್, ಬ್ಯಾಕಪ್ ಬೇಡ’ ಎನ್ನುತ್ತಾರೆ. ಇದನ್ನು ಒಪ್ಪಲು ನನಗೆ ಸಾಧ್ಯವೇ ಇಲ್ಲ. ರೇಡ್ 1 ಎಂದರೆ ಎರಡು ಡಿಸ್ಕಿನಲ್ಲಿ ಒಂದೇ ಬರಹ. ನೀವು ತಪ್ಪಿ ಡಿಲೀಟ್ ಮಾಡಿದ್ದು ಎರಡರಲ್ಲೂ ಹೋಗುತ್ತದೆ, ದುಡ್ಡು ಕೀಳಲು ಫೈಲುಗಳಿಗೆ ರಾನ್ಸಮ್‌ವೇರ್ ವೈರಸ್ ಬೀಗ ಹಾಕಿದರೆ ಎರಡಕ್ಕೂ ಬೀಳುತ್ತದೆ. ರೇಡ್ 5ರಲ್ಲಿ ಒಂದು ಡಿಸ್ಕ್ ಹೋದರೆ ಉಳಿದವುಗಳಿಂದ ಲೆಕ್ಕ ಹಾಕಿ ಹೋದದ್ದನ್ನು ಕಟ್ಟಬಹುದು. ಆದರೆ ಕಟ್ಟುವಾಗ ಉಳಿದ ಡಿಸ್ಕುಗಳನ್ನು ಆದಿಯಿಂದ ಅಂತ್ಯದವರೆಗೆ ಓದಬೇಕು. ಒಟ್ಟಿಗೆ ಕೊಂಡ, ಒಂದೇ ವಯಸ್ಸಿನ ಡಿಸ್ಕುಗಳಲ್ಲಿ ಎರಡನೆಯದು ಆ ಹೊರೆಗೇ ಕುಸಿಯುವುದುಂಟು. ಹಾಗಾದರೆ ಡಿಸ್ಕ್ ತೆಗೆಯುವ ಮೊದಲು ಪ್ರತಿಯೊಂದರ ಮೇಲೂ ಅದು ಕೂತಿದ್ದ ಸ್ಲಾಟಿನ ಸಂಖ್ಯೆ ಬರೆದಿಡಿ.

ಬ್ಯಾಕಪ್ ವಿಷಯದಲ್ಲಿ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಲ್ಲೋ ಕ್ಲೌಡಿನಲ್ಲೋ ಎಂಬ 3-2-1 ನಿಯಮ ನಿಮಗೆ ಗೊತ್ತಿರಬಹುದು. ಅಂಗಡಿಗಳಲ್ಲಿ ನಾನು ಕಾಣುವುದು ಸದಾ ಸಿಕ್ಕಿಸಿಟ್ಟ ಒಂದು ಪೆನ್‌ಡ್ರೈವ್. ಸಿಡಿಲು ಬಡಿದರೆ ಕಂಪ್ಯೂಟರಿನ ಜೊತೆ ಅದೂ ಹೋಗುತ್ತದೆ. ಜಿಎಸ್‌ಟಿ ಕಾಯ್ದೆ ಪ್ರಕಾರ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅಷ್ಟು ಕಾಲ ಒಂದೇ ಪೆನ್‌ಡ್ರೈವ್ ನಂಬಿ ಕೂರುವಂತಿಲ್ಲ. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ನಿನ್ನೆಯ ಕೊನೆಯ ವೋಚರ್ ಕಾಣುತ್ತದೆಯಾ ಎಂದು ಕಣ್ಣಾರೆ ನೋಡಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಿ. ಕೀ ಇಲ್ಲದ ಡಿಸ್ಕಿನಿಂದ ನಾನು ಪೂರ್ತಿ ಕಾಪಿ ತೆಗೆದುಕೊಟ್ಟರೂ ನೀವು ಒಂದಕ್ಷರ ಓದಲಾರಿರಿ.

ಮಂಡಿಯ ಡಿಸ್ಕಿಗೆ ಅದೇ ಮಾಡೆಲಿನ ಇನ್ನೊಂದರಿಂದ ಹೆಡ್ ತೆಗೆದು ಕೂರಿಸಿದೆವು. ಇಂಥಲ್ಲಿ ಮೊದಲು ಮಾಡುವುದು ಕಾಪಿ, ಹುಡುಕಾಟ ಆಮೇಲೆ. ಸುಲಭವಾಗಿ ಓದಲು ಬರುವ ಜಾಗ ಮೊದಲು ಓದಿ, ತಡವರಿಸುವ ಜಾಗ ಹಾರಿಸಿ, ಕೊನೆಗೆ ಅವುಗಳತ್ತ ಸ್ವಲ್ಪ ಸ್ವಲ್ಪವಾಗಿ ಮರಳುತ್ತೇವೆ. ಹೊಸ ಹೆಡ್ ಯಾವಾಗ ಸಾಯುತ್ತದೋ ಹೇಳಲಾಗದು, ಅದಕ್ಕೇ ಟ್ಯಾಲಿ ಫೋಲ್ಡರಿಗೆ ಮೊದಲ ಸರದಿ ಕೊಟ್ಟೆವು. ಹಿಂದಿನ ವರ್ಷಗಳ ಲೆಕ್ಕ ಬಂತು. ಈ ವರ್ಷದ ವೋಚರ್ ಫೈಲಿನ ನಡುಭಾಗ ಗೀರಿನಡಿ ಹೋಗಿತ್ತು.

ಆಡಿಟರ್ ಬಳಿ ಡಿಸೆಂಬರ್ ತನಕದ ಒಂದು ಪ್ರತಿ ಇತ್ತು. ಆಮೇಲಿನ ಮಾರಾಟದ ಬಿಲ್ಲುಗಳಲ್ಲಿ ಫೆಬ್ರವರಿವರೆಗಿನವು ಸಲ್ಲಿಸಿದ ಜಿಎಸ್‌ಟಿಆರ್-1ರಲ್ಲಿ, ಅಂದರೆ ಮಾರಾಟದ ಜಿಎಸ್‌ಟಿ ರಿಟರ್ನ್‌ನಲ್ಲಿ ಸಿಕ್ಕವು. ಬೆಳೆಗಾರರಿಗೆ ಕೊಟ್ಟ ಮುಂಗಡದ ಲೆಕ್ಕ ಮಾತ್ರ ಯಾವ ಪೋರ್ಟಲಿನಲ್ಲೂ ಇರಲಿಲ್ಲ. ಮಾಲೀಕರು ಒಬ್ಬೊಬ್ಬರಿಗೂ ಫೋನ್ ಮಾಡಿ ಇದ್ದ ವಿಷಯ ಹೇಳಿದರು. ಏಪ್ರಿಲ್ ಪೂರ್ತಿ ರೈತರು ಮಂಡಿಗೆ ಬಂದು, ಜೇಬಿನಿಂದ ಮಡಚಿದ ಚೀಟಿ ತೆಗೆದು ತಾವು ಪಡೆದ ಸಾಲದ ಮೊತ್ತವನ್ನು ತಾವೇ ಓದಿ ಬರೆಸಿದರು. ಗುಮಾಸ್ತರು ಒಂದೊಂದನ್ನೇ ಟೈಪ್ ಮಾಡಿ, ದಿನ ಸಂಜೆ ಎರಡು ಡಿಸ್ಕಿಗೆ ಕಾಪಿ ತೆಗೆದು, ಒಂದನ್ನು ಮನೆಗೆ ಒಯ್ಯುತ್ತಿದ್ದರು.