9ರ ತಂತಿಯೋ, 10ರ ತಂತಿಯೋ

ಎಲೆಕ್ಟ್ರಿಕ್ ಗಿಟಾರಿಗೆ ತಂತಿ ಕೊಳ್ಳಲು ಹೋದರೆ ಅಂಗಡಿಯವರು ಕೇಳುವುದು ಒಂದೇ: ‘ನೈನ್ ಕೊಡ್ಲಾ, ಟೆನ್ ಕೊಡ್ಲಾ?’ ಇದು ತಂತಿಯ ಗೇಜ್, ಅಂದರೆ ದಪ್ಪ. ಲೆಕ್ಕ ಇಂಚಿನ ಸಾವಿರದಲ್ಲಿ ಒಂದು ಭಾಗದಲ್ಲಿ. ಸೆಟ್ಟಿನ ಒಂದನೇ ತಂತಿ, ಎಲ್ಲಕ್ಕಿಂತ ತೆಳುವಾದದ್ದು, 9 ಆದರೆ 0.23 ಮಿ.ಮೀ. ದಪ್ಪ. 10 ಆದರೆ 0.25 ಮಿ.ಮೀ. ಎರಡರ ನಡುವಿನ ವ್ಯತ್ಯಾಸ ಒಂದು ತಲೆಗೂದಲಿನ ಮೂರನೇ ಒಂದು ಪಾಲಿನಷ್ಟು. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಬೆರಳಿಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಅದು ಯಾಕೆ ಅಂತ ನೋಡೋಣ. ತಂತಿಯ ಸ್ವರವನ್ನು ನಿರ್ಧರಿಸುವುದು ಮೂರು: ಉದ್ದ, ಬಿಗಿ, ತೂಕ. ಫ್ರಾನ್ಸಿನ ಮರಿನ್ ಮೆರ್ಸೆನ್ 1636ರಲ್ಲೇ ಈ ಲೆಕ್ಕವನ್ನು ಬರೆದಿಟ್ಟ. ಗಿಟಾರಿನಲ್ಲಿ ಉದ್ದ ಬದಲಾಗಲ್ಲ. ಒಂದನೇ ತಂತಿಯ ಸ್ವರವೂ ಗೊತ್ತಾದದ್ದೇ, ಸೆಕೆಂಡಿಗೆ ಸುಮಾರು 330 ಕಂಪನ. ಹಾಗಾಗಿ ತೂಕ ಹೆಚ್ಚಿದರೆ ಬಿಗಿಯನ್ನೂ ಅಷ್ಟೇ ಹೆಚ್ಚಿಸಬೇಕು. ತೂಕ ಹೆಚ್ಚುವುದು ದಪ್ಪದ ವರ್ಗಕ್ಕೆ ತಕ್ಕಂತೆ. 9ರಿಂದ 10ಕ್ಕೆ ಹೋದರೆ ದಪ್ಪ ಶೇ. 11ರಷ್ಟು ಜಾಸ್ತಿಯಾಗುತ್ತದೆ, ಬಿಗಿ ಮಾತ್ರ ಶೇ. 23ರಷ್ಟು.

ತಂತಿಯ ಉದ್ದ 25.5 ಇಂಚು ಇರುವ ಫೆಂಡರ್ ಗಿಟಾರಿನಲ್ಲಿ 9ರ ತಂತಿ ಸುಮಾರು 6 ಕೆ.ಜಿ. ಭಾರದಲ್ಲಿ ಎಳೆದು ನಿಂತಿರುತ್ತದೆ, 10ರದ್ದು 7.4 ಕೆ.ಜಿ. ಆರೂ ತಂತಿ ಸೇರಿಸಿದರೆ 9ರ ಸೆಟ್ಟಿಗೆ ಹೆಚ್ಚುಕಡಿಮೆ 38 ಕೆ.ಜಿ., 10ರ ಸೆಟ್ಟಿಗೆ 47 ಕೆ.ಜಿ. ಒಂದು ಸಿಮೆಂಟ್ ಮೂಟೆಯ ಭಾರಕ್ಕೆ ಹತ್ತಿರ ಬಂತು. ಅದನ್ನು ಹಗಲೂ ರಾತ್ರಿ ಹೊತ್ತಿರುವುದು ಒಂದು ತೆಳು ಮರದ ಕತ್ತು. ಗಿಬ್ಸನ್ ಗಿಟಾರುಗಳಲ್ಲಿ ತಂತಿಯ ಉದ್ದ ಮುಕ್ಕಾಲು ಇಂಚಿನಷ್ಟು ಕಡಿಮೆ. ಅದಕ್ಕೇ ಅದೇ 10ರ ಸೆಟ್ ಅಲ್ಲಿ ಸ್ವಲ್ಪ ಮೆತ್ತಗೆ ಅನಿಸುತ್ತದೆ.

ನನಗೆ ತುಂಬಾ ಇಷ್ಟವಾದ ಸಂಗತಿ ಬೆಂಡ್‌ನದು. ವೀಣೆಯಲ್ಲಿ ತಂತಿಯನ್ನು ಮೆಟ್ಟಿಲ ಮೇಲೆ ಪಕ್ಕಕ್ಕೆ ಎಳೆದು ಗಮಕ ತರುತ್ತಾರಲ್ಲ, ಗಿಟಾರಿನ ಬೆಂಡ್ ಕೂಡ ಹಾಗೇ. ಸ ಇಂದ ರಿ ತನಕ, ಅಂದರೆ ಎರಡು ಫ್ರೆಟ್ಟಿನಷ್ಟು (ಗಿಟಾರಿನ ಮೆಟ್ಟಿಲಿಗೆ ಫ್ರೆಟ್ ಅಂತಾರೆ), ಸ್ವರ ಏರಬೇಕಾದರೆ ಬಿಗಿ ಶೇ. 26ರಷ್ಟು ಹೆಚ್ಚಬೇಕು. ಅದಕ್ಕೆ ತಂತಿ ಎಷ್ಟು ಹಿಗ್ಗಬೇಕು ಗೊತ್ತಾ? ಬರೀ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ತಂತಿ 9 ಇರಲಿ, 13 ಇರಲಿ, ಸುತ್ತಿಲ್ಲದ ಬರಿ ಉಕ್ಕಿನ ತಂತಿಯಾದರೆ ಆ ಹಿಗ್ಗು ಒಂದೇ! ದಪ್ಪ ತಂತಿಯ ಬಿಗಿ ಎಷ್ಟು ಪಟ್ಟು ಜಾಸ್ತಿಯೋ, ಅದು ಹಿಗ್ಗಲು ಕೇಳುವ ಬಲವೂ ಅಷ್ಟೇ ಪಟ್ಟು ಜಾಸ್ತಿ. ಎರಡೂ ಸರಿಹೋಗುತ್ತವೆ. ಹಾಗಾಗಿ ಬೆರಳು ಸರಿಯಬೇಕಾದ ದೂರ ಬದಲಾಗಲ್ಲ, ಬೆರಳು ಹಾಕಬೇಕಾದ ಶಕ್ತಿ ಮಾತ್ರ ಬದಲಾಗುತ್ತದೆ. ಇದನ್ನು ಮೊದಲ ಸಲ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ ದಿನ ನಾನು ಎರಡು ಸಲ ತಾಳೆ ನೋಡಿದ್ದೆ.

ತೆಳು ತಂತಿಯ ತೊಂದರೆಯೂ ಇಲ್ಲಿಂದಲೇ ಹುಟ್ಟುತ್ತದೆ. ಕೈ ಭಾರವಾಗಿದ್ದರೆ ಬೇಡದ ಕಡೆಯೂ ತಂತಿ ಹಿಗ್ಗಿ ಸ್ವರ ಮೇಲೆ ಜಾರುತ್ತದೆ. ಪಿಕ್‌ನಿಂದ, ಅಂದರೆ ಮೀಟುವ ಚಿಕ್ಕ ಬಿಲ್ಲೆಯಿಂದ, ಜೋರಾಗಿ ಮೀಟಿದರೆ ತಂತಿ ಅಗಲವಾಗಿ ಆಡುತ್ತದೆ, ಫ್ರೆಟ್ಟಿಗೆ ತಾಗಿ ಜರ್ ಅನ್ನುತ್ತದೆ.

ಇನ್ನು ನಾದ. ‘ದಪ್ಪ ತಂತಿ, ದಪ್ಪ ನಾದ’ ಎನ್ನುವ ಮಾತು ಗಿಟಾರ್ ನುಡಿಸುವವರಲ್ಲಿ ಬಹಳ ಕಾಲದಿಂದ ಇದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಪಿಕಪ್ ಎಂದರೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ಮೇಲೆ ಉಕ್ಕು ಅಲುಗಾಡಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಉಕ್ಕು ಹೆಚ್ಚಿದ್ದರೆ ಸಿಗ್ನಲ್ ಕೊಂಚ ಜೋರು. ಆದರೆ ಅದೇ ದಪ್ಪ ತಂತಿ ಅದೇ ಮೀಟಿಗೆ ಕಡಿಮೆ ಅಲುಗಾಡುತ್ತದೆ. ಜೊತೆಗೆ ದಪ್ಪವಾದಷ್ಟೂ ತಂತಿ ಸರಳಿನ ಹಾಗೆ ಗಡುಸಾಗುತ್ತದೆ. ಆಗ ಮೂಲ ಸ್ವರದ ಮೇಲಿನ ಸ್ವರಗಳು ಎರಡು, ಮೂರು, ನಾಲ್ಕು ಪಟ್ಟು ಅಂತ ನೆಟ್ಟಗೆ ಕೂರದೆ ತುಸು ಮೇಲೆ ಸರಿಯುತ್ತವೆ. ನಾಲ್ಕರಿಂದ ಆರನೇ ತಂತಿಗಳನ್ನು ನೋಡಿ. ಒಳಗೆ ತೆಳು ಎಳೆ, ಹೊರಗೆ ಸುತ್ತಿದ ಇನ್ನೊಂದು ತಂತಿ. ತೂಕ ಬೇಕು, ಗಡುಸು ಬೇಡ, ಅದಕ್ಕೆ ಈ ಉಪಾಯ. ಎಷ್ಟು ಚಂದದ ಉಪಾಯ ಅಲ್ವಾ!

ಹಿಂದೆ ಮೂರನೇ ತಂತಿಯೂ ಹೀಗೆ ಸುತ್ತಿದ್ದೇ ಇರುತ್ತಿತ್ತು, ಅದನ್ನು ಎಳೆಯುವುದು ಕಷ್ಟ. ಹಲವರು ಒಂದನೇ ತಂತಿಯ ಜಾಗಕ್ಕೆ ಬ್ಯಾಂಜೋ ವಾದ್ಯದ ತೆಳು ತಂತಿ ಹಾಕಿ, ಉಳಿದವನ್ನು ಒಂದೊಂದು ಮನೆ ಸರಿಸಿಕೊಳ್ಳುತ್ತಿದ್ದರು. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಅಂಗಡಿಕಾರ ಅರ್ನಿ ಬಾಲ್ ತೆಳು ತಂತಿಗಳ ಸೆಟ್ಟನ್ನೇ ಮಾರಲು ಶುರು ಮಾಡಿದ.

ಬರ್ಮಿಂಗ್‌ಹ್ಯಾಮಿನ ಗಿಟಾರ್ ವಾದಕ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳುಗಳ ತುದಿ ಕಳೆದುಕೊಂಡಾಗ ಅವನಿಗೆ 17 ವರ್ಷ. ಅವನೂ ಬ್ಯಾಂಜೋ ತಂತಿ ಹಾಕಿ ನುಡಿಸಿದ. ಮುಂದೆ ಬ್ಲ್ಯಾಕ್ ಸಬ್ಬತ್ ತಂಡದಲ್ಲಿ ಗಿಟಾರನ್ನು ಮೂರು ಫ್ರೆಟ್ಟಿನಷ್ಟು ಇಳಿಸಿ ಟ್ಯೂನ್ ಮಾಡಿದ. ಬಿಗಿ ಶೇ. 29ರಷ್ಟು ಇಳಿಯುತ್ತದೆ. ಹೆವಿ ಮೆಟಲ್‌ನ ಆ ಭಾರವಾದ ನಾದ ಬಂದದ್ದು ಮೆತ್ತನೆಯ ತಂತಿಗಳಿಂದ.

ಟೆಕ್ಸಾಸಿನ ಗಿಟಾರ್ ವಾದಕ ಸ್ಟೀವಿ ರೇ ವಾನ್ 13ರ ತಂತಿಗೆ ಹೆಸರಾದವನು. ಅರ್ಧ ಸ್ವರ ಇಳಿಸಿದರೂ ಅದರ ಬಿಗಿ 11 ಕೆ.ಜಿ. ಕಿತ್ತುಹೋದ ಬೆರಳ ತುದಿಗೆ ಅಂಟು ಹಚ್ಚಿಕೊಂಡು ನುಡಿಸಿದ್ದೂ ಉಂಟು. ಅದೇ ಟೆಕ್ಸಾಸಿನ ಬಿಲ್ಲಿ ಗಿಬ್ಬನ್ಸ್ ಹಾಕುವುದು 7ರ ತಂತಿ, ಬಿಗಿ 3.5 ಕೆ.ಜಿ. ಮೂರು ಪಟ್ಟು ವ್ಯತ್ಯಾಸ. ಇಬ್ಬರ ನಾದವೂ ತುಂಬಿದ ನಾದವೇ. ಆಂಪ್ಲಿಫೈಯರ್, ಪಿಕಪ್, ಎಲ್ಲಕ್ಕಿಂತ ಹೆಚ್ಚಾಗಿ ಮೀಟುವ ಕೈ, ಇವುಗಳ ಮುಂದೆ ಗೇಜಿನ ಪಾಲು ಚಿಕ್ಕದು ಎಂದೇ ನನ್ನ ಅಭಿಪ್ರಾಯ. ನಾದಕ್ಕಾಗಿ ಅಂತ ಹೊಸಬರ ಕೈಗೆ 11ರ ಸೆಟ್ ಕೊಡುವುದನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಒಂದು ಮಾತ್ರ ನೆನಪಿರಲಿ. 10 ತೆಗೆದು 9 ಹಾಕಿದಾಗ ಕತ್ತಿನ ಮೇಲಿನ ಭಾರ 8–9 ಕೆ.ಜಿ. ಇಳಿಯುತ್ತದೆ. ಮರ ಹಿಂದಕ್ಕೆ ಬಾಗಿ ಮೊದಲ ಕೆಲವು ಫ್ರೆಟ್ಟುಗಳಲ್ಲಿ ತಂತಿ ಜರ್ ಅನ್ನಬಹುದು. ಒಂದು ದಿನ ಹಾಗೇ ಬಿಡಿ, ಆಮೇಲೆ ಕತ್ತಿನ ಬಾಗನ್ನು ಹದ್ದಿನಲ್ಲಿಡುವ ಒಳಗಿನ ಸರಳು, ಟ್ರಸ್ ರಾಡನ್ನು, ಕಾಲು ಸುತ್ತು ಸಡಿಲಿಸಿ ನೋಡಿ.